ಹಾಡುವ ನಾಯಕ, ಹಟದ ನಾಯಕಿ

ಸಿರಿವಂತರ ಮನೆಯಲ್ಲಿ ಮುದ್ದಿನಿಂದ ಬೆಳೆದು ಹಟ ಕಲಿತ ಹುಡುಗಿ ಒಂದು ಕಡೆ, ಕೊರಳೊಂದರಿಂದಲೇ ಊರು ಗೆದ್ದ ಹಾಡುಗಾರ ಇನ್ನೊಂದು ಕಡೆ. ಇವರಿಬ್ಬರ ಪ್ರೇಮವನ್ನೂ ಜಗಳವನ್ನೂ ಹೇಳುವ ಕಥಾಮಾದರಿಗೆ ಇಂಗ್ಲಿಷಿನ ಜನಪ್ರಿಯ ಕಾದಂಬರಿಲೋಕದಲ್ಲಿ ರಾಕ್‌ಸ್ಟಾರ್ ರೊಮ್ಯಾನ್ಸ್ ಎಂಬ ಹೆಸರು ಬಿದ್ದಿದೆ. ಆಸ್ಟ್ರೇಲಿಯಾದ ಲೇಖಕಿ ಕೈಲಿ ಸ್ಕಾಟ್ ಅವರ ‘ಲಿಕ್’ (2013) ಮತ್ತು ಅದರ ಮುಂದಿನ ಕಾದಂಬರಿಗಳು ಈ ಬಗೆಗೆ ದೊಡ್ಡ ಓದುಗ ಬಳಗವನ್ನು ತಂದುಕೊಟ್ಟವು. ಕನ್ನಡದಲ್ಲಿ ಈ ಹೆಸರಿನ ಪ್ರಕಾರವಿಲ್ಲ. ಕತೆ ಮಾತ್ರ ಹಳೆಯದು, ಗಿಟಾರಿಗಿಂತ ಎಷ್ಟೋ ಹಳೆಯದು. ಕಿನ್ನರಿ, ಕಂಸಾಳೆ, ತಂಬೂರಿ, ಹಾರ್ಮೋನಿಯಂ, ಕೊನೆಗೆ ಸಿನಿಮಾದ ಧ್ವನಿವರ್ಧಕ, ಹೀಗೆ ಒಂದೊಂದು ಕಾಲಕ್ಕೆ ಒಂದೊಂದು ವಾದ್ಯ ಹಿಡಿದು ಬಂದಿದೆ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರಿನ ಸೀಮೆಯಲ್ಲಿ ಇದರ ದೇವರ ರೂಪ, ಜನಪದ ರೂಪ, ಸಿನಿಮಾ ರೂಪ, ಕಾದಂಬರಿ ರೂಪ ಎಲ್ಲವೂ ಕೂಗಳತೆಯಲ್ಲಿ ಸಿಗುತ್ತವೆ.

ಇಂಥ ನಾಯಕಿಗೆ ಕನ್ನಡದಲ್ಲಿ ಹೆಸರುಗಳ ಬರವಿಲ್ಲ. ಜಂಬಗಾರ್ತಿ, ಸೊಕ್ಕಿನವಳು, ಬಜಾರಿ, ಗಂಡುಬೀರಿ, ‘ಮುದ್ದು ಮಾಡಿ ತಲೆ ಮೇಲೆ ಕೂರಿಸಿಕೊಂಡ ಮಗಳು’. ಕತೆಯ ಕೊನೆಗೆ ಅವಳಿಗೆ ಆಗುವುದಕ್ಕೂ ಸಿದ್ಧಪದವಿದೆ, ಗರ್ವಭಂಗ. ಹಾಡುಗಾರನಿಗೆ ಹೀಗೆ ಬೈಗುಳದ ಹೆಸರಿಲ್ಲ. ಅವನ ಸೊಕ್ಕಿಗೆ ಪ್ರತಿಭೆ ಎಂದು ಹೆಸರಿಟ್ಟುಬಿಟ್ಟಿದ್ದೇವೆ. ಪ್ರತಿ ಪಠ್ಯಕ್ಕೂ ಕೇಳಬೇಕಾದ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ: ಇದರಲ್ಲಿ ಹಾಡು ಅವಳನ್ನು ಒಲಿಸಿಕೊಳ್ಳಲು ಬಂದಿದೆಯೋ, ಪಳಗಿಸಲು ಬಂದಿದೆಯೋ?

ಮಾವುತನ ಹಾಡು

ಕನ್ನಡದಲ್ಲಿ ಹಾಡಿಗೆ ಸೋತ ನಾಯಕಿಯರ ಪೈಕಿ ಮೊದಲು ನೆನಪಾಗುವವಳು ಅಮೃತಮತಿ. ಹೊಯ್ಸಳರ ಆಸ್ಥಾನದಲ್ಲಿದ್ದ ಜನ್ನ 1209ರ ಸುಮಾರಿಗೆ ಬರೆದ ‘ಯಶೋಧರ ಚರಿತೆ’ಯಲ್ಲಿ ಅವಳು ಉಜ್ಜಯಿನಿಯ ರಾಣಿ. ಅವಳಿಗೆ ಯಾವುದಕ್ಕೂ ಕೊರತೆಯಿಲ್ಲ, ಗಂಡ ಯಶೋಧರ ಅವಳಲ್ಲೇ ಕರಗಿಹೋದವನು. ಒಂದು ರಾತ್ರಿ ಆನೆಲಾಯದ ಕಡೆಯಿಂದ ಹಾಡು ತೇಲಿಬರುತ್ತದೆ. ಹಾಡುವವನು ಅಷ್ಟಾವಂಕನೆಂಬ ಮಾವುತ. ಹೆಸರೇ ಹೇಳುವಂತೆ ಮೈಯೆಲ್ಲ ಸೊಟ್ಟ. ನೋಡಿಬಂದ ದೂತಿ ಅವನ ಕುರೂಪವನ್ನು ಹೇಸಿಕೆಯಿಂದ ವರ್ಣಿಸುತ್ತಾಳೆ. ರಾಣಿಯ ಮನಸ್ಸು ಕದಲುವುದಿಲ್ಲ, ಒಲಿದ ಮೇಲೆ ರೂಪದ ಗೊಡವೆ ಏಕೆ ಎಂಬುದು ಅವಳ ವಾದ. ತಡವಾಗಿ ಬಂದಳೆಂದು ಆ ಮಾವುತ ಅವಳನ್ನು ಹೊಡೆಯುತ್ತಾನೆ, ಅವಳು ಸಹಿಸಿಕೊಳ್ಳುತ್ತಾಳೆ. ಕತ್ತಲಲ್ಲಿ ಹಿಂಬಾಲಿಸಿ ಬಂದ ರಾಜ ಇದನ್ನು ಕಣ್ಣಾರೆ ಕಾಣುತ್ತಾನೆ. ಮುಂದೆ ಹಿಟ್ಟಿನ ಕೋಳಿಯ ಬಲಿ, ರಾಣಿ ಗಂಡನಿಗೂ ಅತ್ತೆಗೂ ಇಕ್ಕುವ ವಿಷ, ಜನ್ಮಜನ್ಮಾಂತರದ ಅಲೆದಾಟ.

ಜನ್ನನ ಕಾವ್ಯ ಜೈನಧರ್ಮದ ಅಹಿಂಸೆಯನ್ನು ಸಾರಲು ಹೊರಟದ್ದು. ಸಂಕಲ್ಪದಲ್ಲಿ ಮಾಡಿದ ಹಿಂಸೆಯೂ ಹಿಂಸೆಯೇ ಎಂಬುದು ಅದರ ತಿರುಳು. ಆದರೂ ಓದುಗರ ಮನಸ್ಸಿನಲ್ಲಿ ನಿಂತದ್ದು ಅಮೃತಮತಿ ಹಾಡು ಕೇಳಿದ ಆ ರಾತ್ರಿ. ಎಲ್ಲ ಇದ್ದವಳಿಗೂ ಒಂದು ಇಲ್ಲ ಇರುತ್ತದೆ, ಅದು ಯಾವುದೆಂದು ಹಾಡು ಕೇಳುವ ತನಕ ಅವಳಿಗೂ ತಿಳಿದಿರುವುದಿಲ್ಲ. ಈ ಕಥಾಮಾದರಿಯ ಬೀಜ ಇಷ್ಟೇ, ಉಳಿದದ್ದೆಲ್ಲ ಕೊಂಬೆ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ (1980) ನಾಟಕದಲ್ಲಿ ಅದೇ ರಾತ್ರಿಗೆ ಮರಳಿದ್ದು ಆಕಸ್ಮಿಕವಲ್ಲ. ಜನ್ನನ ಲೋಕ ಚಾಮರಾಜನಗರಕ್ಕೆ ದೂರದ್ದೂ ಅಲ್ಲ. ಪಟ್ಟಣದ ಹತ್ತಿರದ ಮಲೆಯೂರಿನ ಕನಕಗಿರಿ ಪ್ರಾಚೀನ ಜೈನಕ್ಷೇತ್ರ, ‘ರಾಜಾವಳಿ ಕಥೆ’ ಬರೆದ ದೇವಚಂದ್ರನ ಊರು. ಆನೆಯ ನೆನಪಿಗೂ ಈ ನೆಲ ಹಳೆಯದು. ಜಿ. ಪಿ. ಸ್ಯಾಂಡರ್ಸನ್ 1874ರಲ್ಲಿ ಖೆಡ್ಡಾ ಹೂಡಿ ಕಾಡಾನೆಗಳ ಹಿಂಡನ್ನು ಹಿಡಿದದ್ದು ಚಾಮರಾಜನಗರದ ಕಾಡಂಚಿನಲ್ಲೇ.

ಕೊಳಲಿನವನೂ ಕುಸುಮಾಲೆಯೂ

ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ನಿಂತಿರುವವನು ಕೊಳಲೂದುವ ಕೃಷ್ಣ. ನಾದದಿಂದ ಊರ ಹೆಂಗಸರನ್ನೆಲ್ಲ ಹೊರಗೆ ಕರೆದ ನಾಯಕ ಅವನು. ಅವನ ಕತೆಯಲ್ಲಿ ಹಟದ ನಾಯಕಿಯೂ ಇದ್ದಾಳೆ, ಸತ್ಯಭಾಮೆ. ಪಾರಿಜಾತದ ಹೂವೊಂದು ಸವತಿಗೆ ಹೋಯಿತೆಂದು ಮುನಿಸಿಕೊಂಡ ಆಕೆಯನ್ನು ಉತ್ತರ ಕರ್ನಾಟಕದ ‘ಶ್ರೀಕೃಷ್ಣ ಪಾರಿಜಾತ’ ಸಣ್ಣಾಟವು ರಾತ್ರಿಯಿಡೀ ರಂಗದ ಮೇಲೆ ಆಳಲು ಬಿಟ್ಟಿದೆ. ಅವಳ ಸಿಟ್ಟನ್ನು ಕೃಷ್ಣ ಕಾಡಿ ಬೇಡಿ ಇಳಿಸಬೇಕು. ಪಳಗಿಸುವ ಮಾತಿಗಿಂತ ಓಲೈಸುವ ಮಾತಿಗೆ ಅಲ್ಲಿ ಹೆಚ್ಚು ಹೊತ್ತು, ಪ್ರೇಕ್ಷಕರು ಬರುವುದೂ ಅದಕ್ಕೇ.

ಇದೇ ಗೋಪಾಲನ ಸೀಮೆಗೆ ಅರಮನೆಯ ನಂಟೂ ಇದೆ. ಮೈಸೂರಿನ ಚಿಕ್ಕದೇವರಾಜ ಒಡೆಯ ಪಟ್ಟಕ್ಕೆ ಬರುವ ಮೊದಲು ಗುಂಡ್ಲುಪೇಟೆ ಬಳಿಯ ಹಂಗಳದಲ್ಲಿ ದಿನ ಕಳೆದವನು. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯ ಅವನ ಕಾಲದ್ದು. 1673ರಿಂದ 1704ರವರೆಗೆ ಆಳಿದ ಅವನ ಹೆಸರಿನಲ್ಲಿ ‘ಗೀತಗೋಪಾಲ’ವೆಂಬ ಹಾಡುಗಬ್ಬ ಪ್ರಸಿದ್ಧವಾಗಿದೆ. ಅದೇ ಅರಮನೆಯಲ್ಲಿ ರಾಣಿಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ, ಯಳಂದೂರಿನವಳೆಂದು ಪರಂಪರೆ ಹೇಳುವ ಹೆಣ್ಣು, ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ಬರೆದಳು. ಹೆಂಡತಿ ಹೇಗೆ ತಗ್ಗಿ ನಡೆಯಬೇಕೆಂದು ತಿಳಿಹೇಳುವ ಕೃತಿ ಅದು, ಹಟದ ನಾಯಕಿಗೆ ತೀರಾ ವಿರುದ್ಧ ದಿಕ್ಕಿನದು. ಹಾಗಿದ್ದೂ ಹೆಣ್ಣೆಂದು ಹೀನಾಯವಾಗಿ ಕಾಣುವವರನ್ನು ನಡುವೆ ನಿಲ್ಲಿಸಿ ಪ್ರಶ್ನಿಸುತ್ತಾಳೆ. ತಗ್ಗುವುದನ್ನು ಕಲಿಸಲು ಕುಳಿತವಳ ಬಾಯಲ್ಲೇ ತಗ್ಗದ ಮಾತು ಬಂದುಬಿಟ್ಟಿದೆ. ಈ ಸೀಮೆಯ ಹೆಣ್ಣಿನ ಹಟಕ್ಕೆ ಇದಕ್ಕಿಂತ ಪ್ರಾಮಾಣಿಕ ಸಾಕ್ಷಿ ಬೇಕಿಲ್ಲ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಕತೆ ಇನ್ನೂ ಹತ್ತಿರದ್ದು. ಬೆಟ್ಟದ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಗೆ ಮನಸೋತ, ಪಟ್ಟದ ದೇವಿ ಇದ್ದೂ ಕಾಡಿನ ಹಾದಿ ಹಿಡಿದ. ಕುಸುಮಾಲೆ ಬೊಮ್ಮೇಗೌಡನ ಏಳು ಹೆಣ್ಣುಮಕ್ಕಳಲ್ಲಿ ಕಿರಿಯವಳೆಂದು ಹಾಡುತ್ತಾರೆ. ಕೊನೆಯ ಮಗಳೆಂದರೆ ಎಲ್ಲರ ಕಣ್ಮಣಿ, ಆಡಿದ್ದೇ ಆಟ. ದೇವರು ವೇಷ ಮರೆಸಿಕೊಂಡು ಅವಳ ಹಿಂದೆ ಅಲೆಯುತ್ತಾನೆ, ತನ್ನ ದೇವತನವನ್ನು ಬದಿಗಿಟ್ಟು ಬೇಡುತ್ತಾನೆ. ಮದುವೆಯ ಫಲವಾಗಿ ಸೋಲಿಗರು ಇಂದಿಗೂ ರಂಗನನ್ನು ಭಾವ ಎಂದು ಕರೆಯುತ್ತಾರೆ. ಬೆಟ್ಟದ ಮೇಲಿನ ದೇವರು ಕಾಡಿನವರಿಗೆ ಸಲಿಗೆಯ ನಂಟನಾಗಿಬಿಟ್ಟ. ಮಹತ್ವದ ವಿಷಯವೆಂದರೆ ಈ ಕತೆಯಲ್ಲಿ ಬದಲಾಗುವವನು ಅವನು. ಕುಸುಮಾಲೆ ಕುಸುಮಾಲೆಯಾಗಿಯೇ ಉಳಿಯುತ್ತಾಳೆ.

ಇಂಥ ಕತೆ ಸೋಲಿಗರಲ್ಲಿ ಬೆಳೆದದ್ದಕ್ಕೆ ಬದುಕಿನಲ್ಲೇ ಕಾರಣ ಹುಡುಕಬಹುದು. ಗಂಡುಹೆಣ್ಣು ಕೂಡಿ ಗೊರುಕನ ಹಾಡುತ್ತ ರಾತ್ರಿಯಿಡೀ ಕುಣಿಯುವುದು ಅವರ ವಾಡಿಕೆ. ಮೆಚ್ಚಿದ ಜೋಡಿ ಕಾಡಿಗೆ ಓಡಿಹೋಗಿ, ಹಿಂದಿರುಗಿದ ಮೇಲೆ ಕುಲದ ಹಿರಿಯರು ತಪ್ಪುಕಾಣಿಕೆ ಹಾಕಿಸಿ ಒಪ್ಪಿಕೊಳ್ಳುವ ಮದುವೆಯೂ ಅವರಲ್ಲಿ ಬಹುಕಾಲದಿಂದ ಇದೆ. ಹಾಡು ಅಲ್ಲಿ ಒಬ್ಬ ಗಂಡಸಿನ ಸೊತ್ತಲ್ಲ. ಹುಡುಗಿಯೂ ಹಾಡುತ್ತಾಳೆ, ಹುಡುಗಿಯೂ ಓಡುತ್ತಾಳೆ.

ಬಾಗಿಲಲ್ಲಿ ನಿಂತ ಜಂಗಮ

ಮಲೆಮಹದೇಶ್ವರ ಕಾವ್ಯ ಈ ಜಿಲ್ಲೆಯ ಉಸಿರು. ದೇವರಗುಡ್ಡರು ಎಡಗೈಯಲ್ಲಿ ಬಟ್ಟಲಿನಂಥ ಕಂಚು, ಬಲಗೈಯಲ್ಲಿ ಅಗಲ ತಾಳ ಹಿಡಿದು ಹಾಡುವ ಈ ಮಹಾಕಾವ್ಯ ‘ಸಾಲು’ ಎಂಬ ಕಥಾಭಾಗಗಳಾಗಿ ಹಂಚಿಕೊಂಡಿದೆ. ಪಿ. ಕೆ. ರಾಜಶೇಖರ ಅವರು 1973ರಲ್ಲಿ ಇದನ್ನು ಗ್ರಂಥರೂಪಕ್ಕೆ ತಂದರು. ಬೀಸು ಕಂಸಾಳೆಯನ್ನು ಇಂದು ವೇದಿಕೆಯ ಮೇಲೆ ನೋಡುವವರಿಗೆ ಮೈಯ ಕಸರತ್ತು ಮೊದಲು ಕಾಣುತ್ತದೆ. ಅದರ ಪ್ರಾಣವಿರುವುದು ಕತೆಯಲ್ಲಿ, ಒಂದು ರಾತ್ರಿಗೆ ಮುಗಿಯದ ಕತೆಯಲ್ಲಿ.

ಅದರಲ್ಲಿ ಮತ್ತೆ ಮತ್ತೆ ಬರುವ ಚಿತ್ರ ಒಂದಿದೆ. ಹಾಡುತ್ತ ತಿರಿಯುವ ಜಂಗಮನ ವೇಷದಲ್ಲಿ ಮಾದೇವ, ಎಂದರೆ ಮಹದೇಶ್ವರ, ಸಿರಿವಂತೆಯ ಬಾಗಿಲಿಗೆ ಬರುತ್ತಾನೆ, ಸೊಕ್ಕಿನವಳು ಭಿಕ್ಷೆ ನಿರಾಕರಿಸುತ್ತಾಳೆ. ಇಕ್ಕೇರಿ ದೇವಮ್ಮನ ಸಾಲು ಈ ಬಗೆಯದು. ಬೇವಿನಹಟ್ಟಿ ಕಾಳಮ್ಮನ ಸಾಲೂ ಹಾಗೆಯೇ, ತುಂಬಿದ ಮನೆಯ ಯಜಮಾನಿಯ ಐಸಿರಿ ಕಣ್ಣೆದುರೇ ಕರಗುತ್ತದೆ. ಇವು ಪ್ರೇಮಕತೆಗಳಲ್ಲ, ಭಕ್ತಿಯ ಕತೆಗಳು. ಹಾಡುವವರು ಉಳ್ಳವರ ಬಾಗಿಲಲ್ಲಿ ನಿಂತೇ ಬದುಕಿದವರಾದ್ದರಿಂದ ಕೊಡದ ಕೈಯ ಮೇಲೆ ಅವರ ಸಿಟ್ಟು ನ್ಯಾಯವಾದದ್ದು. ಬಡವನ ಹಾಡು ಸಿರಿಯ ಸೊಕ್ಕಿಗೆ ಉತ್ತರ ಎಂಬ ಈ ಕಟ್ಟನ್ನೇ ಮುಂದೆ ಕಂಪನಿ ನಾಟಕವೂ ಸಿನಿಮಾವೂ ತಮ್ಮದಾಗಿಸಿಕೊಂಡವು. ದೇವರಿದ್ದ ಜಾಗದಲ್ಲಿ ಗಂಡ ಬಂದು ನಿಂತ.

ಅದೇ ಕಾವ್ಯದಲ್ಲಿ ಸಂಕಮ್ಮನ ಸಾಲೂ ಇದೆ. ಕಾಡಿಗೆ ಹೊರಟ ಗಂಡ ನೀಲೇಗೌಡ, ತಾನು ಬರುವ ತನಕ ಪರಪುರುಷನ ಮುಖ ನೋಡುವುದಿಲ್ಲವೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಒಪ್ಪುವುದಿಲ್ಲ. ತಪ್ಪು ಮಾಡದವಳು ಆಣೆ ಇಡಬೇಕಾದ ಅವಮಾನವನ್ನು ಅವಳು ಹೊರಲಾರಳು. ಅವನು ಹಿಂಸಿಸುತ್ತಾನೆ, ಕಾಡಿನ ಗುಡಿಸಲಲ್ಲಿ ಕೂಡಿಹಾಕಿ ಕಟ್ಟುಮಾಡಿ ಹೋಗುತ್ತಾನೆ. ಅವಳ ಕೂಗಿಗೆ ಓಗೊಟ್ಟು ಬರುವವನು ಮಾದೇವ. ಅವನ ವರದಿಂದ ಕಾರಯ್ಯ ಬಿಲ್ಲಯ್ಯರೆಂಬ ಅವಳಿಗಳು ಹುಟ್ಟುತ್ತಾರೆ. ದೇವಮ್ಮನ ಹಟ ಮುರಿದ ದೇವರೇ ಸಂಕಮ್ಮನ ಹಟದ ಪಕ್ಕ ನಿಲ್ಲುತ್ತಾನೆ. ಇಲ್ಲ ಎಂದವರೆಲ್ಲ ಒಂದೇ ಅಲ್ಲ, ಯಾರಿಗೆ ಯಾತಕ್ಕೆ ಇಲ್ಲ ಎಂದಳೆಂಬುದನ್ನು ನೋಡಬೇಕು. ಓದು ಬರಹವಿಲ್ಲದ ಗಾಯಕರ ಕಾವ್ಯ ಈ ವಿವೇಕವನ್ನು ಇಟ್ಟುಕೊಂಡಿದೆ. ಮುಂದೆ ಬಂದ ಎಷ್ಟೋ ಕಾದಂಬರಿಗಳೂ ಚಿತ್ರಗಳೂ ಇದನ್ನು ಕಳೆದುಕೊಂಡವು ಎಂಬುದು ಈ ಸಮೀಕ್ಷೆಯಲ್ಲಿ ಬೇಸರದಿಂದ ಬರೆಯಬೇಕಾದ ಮಾತು.

ದಕ್ಷಿಣ ಕರ್ನಾಟಕದ ಕಿನ್ನರಿ ಜೋಗಿಗಳು ಹಾಡುವ ಅರ್ಜುನ ಜೋಗಿಯ ಕತೆಯನ್ನೂ ಇಲ್ಲಿ ನೆನೆಯಬೇಕು. ಗಾಂಡೀವ ಬಿಟ್ಟು ಕಿನ್ನರಿ ಹಿಡಿದ ಅರ್ಜುನ ಬೀದಿಗಿಳಿದರೆ ಹೆಂಗಸರು ಮಾಡುವ ಕೆಲಸ ಮರೆತು ಹಿಂದೆ ಹೋಗುತ್ತಾರೆ. ಅಭಿಮಾನಿಗಳ ನೂಕುನುಗ್ಗಲನ್ನು ಜನಪದರು ಅಂದೇ ಕಂಡಿದ್ದರು.

ಎಮ್ಮೆಯ ಮೇಲೆ ಕೂತ ಹಾಡುಗಾರ

ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಕಂಪನಿ ನಾಟಕದ ನಟ. ಅವರ ಮಗ ಮುತ್ತುರಾಜ 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಹುಟ್ಟಿದ. ಗಾಜನೂರು ತಾಳವಾಡಿ ಸೀಮೆಯ ಹಳ್ಳಿ, ಮನೆಮಾತು ಕನ್ನಡ, ಪೇಟೆಯ ಬಳಕೆ ಚಾಮರಾಜನಗರದೊಂದಿಗೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ತಮಿಳುನಾಡಿನ ಕಡೆ ಉಳಿಯಿತು. ಹೀಗಾಗಿ ಕನ್ನಡದ ಅತಿದೊಡ್ಡ ತಾರೆಯ ಹುಟ್ಟೂರು ಗಡಿಯ ಆಚೆ, ಅಪ್ಪನ ಊರು ಸಿಂಗಾನಲ್ಲೂರು ಗಡಿಯ ಈಚೆ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬೆಳೆದ ಮುತ್ತುರಾಜ 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ತೆರೆಗೆ ಬಂದು ರಾಜ್‌ಕುಮಾರ್ ಆದರು.

ಅವರು ಹಾಡಬಲ್ಲರೆಂಬುದು ಕಂಪನಿ ಬಲ್ಲವರಿಗೆ ಹೊಸತಲ್ಲ. ನಾಟಕದಲ್ಲಿ ಹಾಡು ಬಾರದವನಿಗೆ ಪಾತ್ರವೇ ಇರಲಿಲ್ಲ. ‘ಓಹಿಲೇಶ್ವರ’ (1956), ‘ಮಹಿಷಾಸುರ ಮರ್ದಿನಿ’ (1959) ಚಿತ್ರಗಳಲ್ಲಿ ಅವರ ದನಿ ಕೇಳಿತ್ತು. ಆದರೂ ಮುಂದೆ ಬಹುಕಾಲ ತೆರೆಯ ಮೇಲೆ ಅವರ ಹಾಡಿನ ಕೊರಳು ಪಿ. ಬಿ. ಶ್ರೀನಿವಾಸ್. ಅನಕೃ ಅವರ ಕಾದಂಬರಿ ಆಧರಿಸಿದ ‘ಸಂಧ್ಯಾರಾಗ’ (1966) ಚಿತ್ರದಲ್ಲಿ ರಾಜ್‌ಕುಮಾರ್ ಸಂಗೀತಗಾರ ಲಕ್ಷ್ಮಣನಾಗಿದ್ದಾಗಲೂ ಕಛೇರಿಯ ದನಿ ಭೀಮಸೇನ ಜೋಶಿಯವರದು.

1974ರ ‘ಸಂಪತ್ತಿಗೆ ಸವಾಲ್’ ಇದನ್ನು ಬದಲಿಸಿತು. ಮೂಲ, ಉತ್ತರ ಕರ್ನಾಟಕದ ವೃತ್ತಿರಂಗಭೂಮಿಯಲ್ಲಿ ಜನಪ್ರಿಯವಾಗಿದ್ದ ಪಿ. ಬಿ. ಧುತ್ತರಗಿಯವರ ನಾಟಕ. ನಿರ್ದೇಶಕರು ಎ. ವಿ. ಶೇಷಗಿರಿರಾವ್, ಸಂಗೀತ ಜಿ. ಕೆ. ವೆಂಕಟೇಶ್. ನಾಯಕ ಭದ್ರ ಹಳ್ಳಿಯ ಹುಡುಗ. ನಾಯಕಿ ದುರ್ಗ ಸಾಹುಕಾರನ ಮನೆಯ ಸೊಕ್ಕಿನ ಹೆಣ್ಣು, ಆ ಪಾತ್ರದಲ್ಲಿ ಮಂಜುಳಾ. ಭದ್ರ ಎಮ್ಮೆಯ ಮೇಲೆ ಕೂತು ಹಾಡುವ ದೃಶ್ಯಕ್ಕೆ ರಾಜ್‌ಕುಮಾರ್ ತಾವೇ ದನಿ ಕೊಟ್ಟರು. ಆ ಹಾಡು ಮನೆಮನೆಗೆ ತಲುಪಿದ ಮೇಲೆ ಅವರ ಕೊರಳು ಅವರದೇ ಆಯಿತು. ‘ಜೀವನ ಚೈತ್ರ’ (1992) ಚಿತ್ರದ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಹಾಡುಗಾರ ಮತ್ತು ತಾರೆ ಒಂದೇ ದೇಹದಲ್ಲಿ ಕೂಡಿದ್ದು ಹಟದ ನಾಯಕಿಯ ಕತೆಯಲ್ಲೇ ಎಂಬುದನ್ನು ನಮ್ಮ ಸಿನಿಮಾ ಚರಿತ್ರೆಗಳು ಅಷ್ಟಾಗಿ ಗಮನಿಸಿಲ್ಲ. ನೆಲದ ದೃಷ್ಟಿಯಿಂದ ಇದು ಸಹಜವಾದ ಕೂಟ. ದನಕಾಯುವವನ ಹಾಡು ಸಾಹುಕಾರನ ಮನೆಯ ಬಾಗಿಲಿಗೆ ಬಂದು ನಿಂತಿದೆ, ಗಾಜನೂರಿನ ಸುತ್ತ ಕಂಸಾಳೆಯವರು ಬಂದು ನಿಲ್ಲುತ್ತಿದ್ದಂತೆ.

ಮಂಜುಳಾ ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳಲೇಬೇಕು. ತುಮಕೂರು ಕಡೆಯ ಈ ನಟಿ ಎದುರು ನಿಂತವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನು ಕನ್ನಡ ನಾಯಕಿಗೆ ಕಲಿಸಿದರು. ‘ಬಜಾರಿ’ ಎಂಬ ಬೈಗುಳವನ್ನು ಪ್ರೇಕ್ಷಕರು ಪ್ರೀತಿಯಿಂದ ಉಚ್ಚರಿಸುವಂತೆ ಮಾಡಿದ್ದು ಅವರ ಸಾಧನೆ. ದುರ್ಗ ಕೊನೆಗೆ ತಗ್ಗುತ್ತಾಳೆ, ಕತೆ ಹಾಗೆ ಬರೆದಿದೆ. ನೆನಪಿನಲ್ಲಿ ಉಳಿದದ್ದು ತಗ್ಗುವ ಮೊದಲಿನ ದುರ್ಗ. 1986ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲಿ, ಮಂಜುಳಾ ತೀರಿಕೊಂಡರು.

ಶೇಷಗಿರಿರಾವ್ ಅವರೇ ನಿರ್ದೇಶಿಸಿದ ‘ಬಹದ್ದೂರ್ ಗಂಡು’ (1976) ಚಿತ್ರದಲ್ಲಿ ಜಯಂತಿ ಗರ್ವಿಷ್ಠ ರಾಜಕುಮಾರಿ, ರಾಜ್‌ಕುಮಾರ್ ಅವಳಿಗೆ ಹಾಡಿನಲ್ಲೇ ಬುದ್ಧಿ ಹೇಳುವ ಗಂಡು. ಇದರ ಹಿಂದೆ ಷೇಕ್ಸ್‌ಪಿಯರನ ‘ದ ಟೇಮಿಂಗ್ ಆಫ್ ದ ಶ್ರೂ’ ನಾಟಕದ ನೆರಳಿದೆ. ಅದೇ ನಾಟಕವನ್ನು ಪರ್ವತವಾಣಿ ‘ಬಹದ್ದೂರ್ ಗಂಡ’ ಎಂದು ರಂಗಕ್ಕೆ ಕನ್ನಡಿಸಿದ್ದರು. ಅದನ್ನು ಆಧರಿಸಿದ ‘ನಂಜುಂಡಿ ಕಲ್ಯಾಣ’ (1989) ರಾಜ್‌ಕುಮಾರ್ ಅವರ ಮಗ ರಾಘವೇಂದ್ರ ರಾಜ್‌ಕುಮಾರ್ ಅವರಿಗೂ ನಾಯಕಿಯಾಗಿ ಬಂದ ಮಾಲಾಶ್ರೀಗೂ ಭಾರಿ ಗೆಲುವು ತಂದಿತು. ಇದೇ ಜೋಡಿಯ ಮುಂದಿನ ಚಿತ್ರದ ಹೆಸರಲ್ಲೇ ಗರ್ವಭಂಗವಿತ್ತು, ‘ಗಜಪತಿ ಗರ್ವಭಂಗ’. ಅಲ್ಲಿಂದ ಎಷ್ಟೋ ವರ್ಷ ಕನ್ನಡ ಚಿತ್ರಗಳಲ್ಲಿ ಸೊಕ್ಕಿನ ಸಾಹುಕಾರ್ತಿಗೆ ಪಾಠ ಕಲಿಸುವುದು ಒಂದು ಅಡುಗೆಯ ಹದವಾಗಿಬಿಟ್ಟಿತು.

ಷೇಕ್ಸ್‌ಪಿಯರನ ಪೆಟ್ರೂಶಿಯೋ ಹೆಂಡತಿಗೆ ಊಟ ನಿದ್ದೆ ತಪ್ಪಿಸಿ ಅವಳನ್ನು ದಾರಿಗೆ ತರುತ್ತಾನೆ. ಅದನ್ನು ನಾಲ್ಕು ಶತಮಾನಗಳಿಂದ ಜಗತ್ತು ನಗುತ್ತ ನೋಡಿದೆ, ಇತ್ತೀಚೆಗೆ ನಗು ಕಡಿಮೆಯಾಗಿದೆ. ಕನ್ನಡದ ಈ ಚಿತ್ರಗಳಲ್ಲಿ ಹಾಡು, ಹಾಸ್ಯ, ನಟನೆ ಎಲ್ಲವೂ ಚೆನ್ನ. ನಾಯಕನ ಬಡತನಕ್ಕೆ ಘನತೆ ಕೊಟ್ಟದ್ದು ಅವುಗಳ ನಿಜವಾದ ಪುಣ್ಯ. ಹೆಣ್ಣಿನ ಸೊಕ್ಕನ್ನೂ ಹಣದ ಸೊಕ್ಕನ್ನೂ ಒಂದೇ ಎಂದು ತಿಳಿದದ್ದು ಅವುಗಳ ದೋಷ. ಸಾಹುಕಾರನ ಲೆಕ್ಕ ಚುಕ್ತಾ ಮಾಡಬೇಕಾದ ಜಾಗದಲ್ಲಿ ಅವನ ಮನೆಯ ಹುಡುಗಿಯ ಬಾಯಿ ಮುಚ್ಚಿಸಿ ಕತೆ ಮುಗಿಯುತ್ತದೆ. ಇಕ್ಕೇರಿ ದೇವಮ್ಮನ ಸಾಲು ಸಿನಿಮಾಕ್ಕೆ ದಾಟಿತು, ಸಂಕಮ್ಮನ ಸಾಲು ಬೆಟ್ಟದಲ್ಲೇ ಉಳಿಯಿತು.

ಕಾದಂಬರಿಯ ದಾರಿ

ಮುದ್ದಿನ ಮಗಳನ್ನು ಒಳಗಿನಿಂದ ನೋಡಿದವರು ಲೇಖಕಿಯರು. ಮೈಸೂರಿನ ತ್ರಿವೇಣಿ (1928–1963) ಅವರ ‘ಬೆಳ್ಳಿ ಮೋಡ’ದ ಇಂದಿರಾ ಎಸ್ಟೇಟಿನ ಒಬ್ಬಳೇ ಮಗಳು. ಅವಳ ಆಸ್ತಿ ನೋಡಿ ಒಪ್ಪಿದ ಮೋಹನ, ಅವಳಿಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿತೆಂದು ತಿಳಿದಾಗ ಹಿಂದೆ ಸರಿಯುತ್ತಾನೆ. ಮುಂದೆ ಪೆಟ್ಟಾಗಿ ಮಲಗಿದವನನ್ನು ಅವಳು ಆರೈಕೆ ಮಾಡುತ್ತಾಳೆ. ಮನಸ್ಸು ಬದಲಿಸಿ ಬೇಡಿದಾಗ ಒಲ್ಲೆ ಎನ್ನುತ್ತಾಳೆ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಕಲ್ಪನಾ ಅವರನ್ನು ಇಟ್ಟುಕೊಂಡು ಚಿತ್ರವಾಗಿಸಿದರು. ಇಲ್ಲಿ ಹಾಡುಗಾರ ನಾಯಕನಿಲ್ಲ. ಆದರೂ ಈ ಸಮೀಕ್ಷೆಯಿಂದ ಇಂದಿರಾಳನ್ನು ಬಿಡಲಾಗದು, ಏಕೆಂದರೆ ಸಂಕಮ್ಮನ ‘ಇಲ್ಲ’ ಆಧುನಿಕ ಕನ್ನಡದಲ್ಲಿ ಸ್ಪಷ್ಟವಾಗಿ ಕೇಳಿದ್ದು ಅವಳ ಬಾಯಲ್ಲಿ.

ಉಷಾ ನವರತ್ನರಾಂ, ಸಾಯಿಸುತೆ ಮೊದಲಾದವರ ಕಾದಂಬರಿಗಳು, ‘ಸುಧಾ’ ‘ತರಂಗ’ಗಳ ಧಾರಾವಾಹಿಗಳು ಸಿರಿವಂತ ನಾಯಕಿಯನ್ನು ಸಣ್ಣ ಪಟ್ಟಣಗಳ ಓದುಗಿಯರ ಮನೆಯೊಳಗೆ ತಂದವು. ಬಾಡಿಗೆ ಪುಸ್ತಕದಂಗಡಿಗಳಿಂದ ತಂದು ಓದಿ ಹಿಂತಿರುಗಿಸುತ್ತಿದ್ದ ಆ ಪುಸ್ತಕಗಳನ್ನು ವಿಮರ್ಶಕರು ಕಡೆಗಣಿಸಿದರು. ಓದಿದವರು ಕಡೆಗಣಿಸಲಿಲ್ಲ.

ಹಾಡುಗಾರನ ಒಳಮುಖವನ್ನು ನಿರ್ದಾಕ್ಷಿಣ್ಯವಾಗಿ ಬರೆದದ್ದು ಎಸ್. ಎಲ್. ಭೈರಪ್ಪನವರ ‘ಮಂದ್ರ’, 2010ರ ಸರಸ್ವತಿ ಸಮ್ಮಾನ್ ಪಡೆದ ಕಾದಂಬರಿ. ಹಿಂದೂಸ್ತಾನಿ ಗಾಯಕ ಮೋಹನಲಾಲನ ಕೊರಳು ದೈವಿಕ, ನಡತೆ ಸ್ವಾರ್ಥದ್ದು. ಅವನ ಹಾಡಿಗೆ ಸೋತ ಹೆಂಗಸರು ಒಬ್ಬೊಬ್ಬರೂ ಬೆಲೆ ತೆರುತ್ತಾರೆ. ಕಲೆಯ ಎತ್ತರವನ್ನೂ ಕಲಾವಿದನ ಕಿರಿತನವನ್ನೂ ಒಟ್ಟಿಗೆ ಹಿಡಿದ ಇದು, ಹೆಸರು ಏನೇ ಇರಲಿ, ಕನ್ನಡದ ಅತ್ಯಂತ ಗಂಭೀರ ರಾಕ್‌ಸ್ಟಾರ್ ಕಾದಂಬರಿ. ಅಷ್ಟಾವಂಕನಿಗೆ ಏಳೆಂಟು ಶತಮಾನದ ಬಳಿಕ ಬಿದ್ದ ಬೆಳಕು ಅದು.

ಈ ನೆಲದ ಮಾತಿನಲ್ಲೇ ಹುಟ್ಟಿದ ಪ್ರೇಮಕತೆ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (1984). ನಂಜನಗೂಡು, ಚಾಮರಾಜನಗರ ಸೀಮೆಯ ಆಡುನುಡಿಯಲ್ಲಿ ಬರೆದ ಈ ಕಿರು ಕಾದಂಬರಿ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಉಳ್ಳವರ ಮನೆಯ ಕುಸುಮ, ದಲಿತ ಹುಡುಗ ಚನ್ನ. ಪ್ರೀತಿಗೆ ಚನ್ನ ಕೊಲೆಯಾಗುತ್ತಾನೆ. ಊರ ದೀಪಗಳ ಜೋತಮ್ಮಗಳು ರಾತ್ರಿ ಒಂದೆಡೆ ಸೇರಿ ತಂತಮ್ಮ ಮನೆಗಳ ಸುದ್ದಿ ಮಾತಾಡಿಕೊಳ್ಳುತ್ತವೆ. ಗದ್ಯವೆಂದು ಅಚ್ಚಾದ ಇದು ಕಿವಿಗೆ ಬೀಳುವುದು ನೀಲಗಾರರೆಂಬ ಜನಪದ ಗಾಯಕರ ತಂಬೂರಿ ಪದದ ಲಯದಲ್ಲಿ. ಹಾಡುಗಾರ ಇಲ್ಲಿ ನಾಯಕನಲ್ಲ, ಕಾದಂಬರಿಯೇ ಹಾಡುತ್ತದೆ. ‘ಸಂಪತ್ತಿಗೆ ಸವಾಲ್’ ಮಾಡಿದಂತೆ ಬಡವನ ಹಾಡು ಸಿರಿಯ ಬಾಗಿಲನ್ನು ತೆರೆಸುತ್ತದೆಂದು ನಂಬಿದವರು ಇದನ್ನು ಓದಬೇಕು. ಬಾಗಿಲ ಹಿಂದೆ ಹಣ ಮಾತ್ರವಲ್ಲ, ಜಾತಿಯೂ ನಿಂತಿದೆ. ಆ ಬಾಗಿಲಿಗೆ ಬಂದವನು ಹೆಣವಾಗಿ ಹೋದ ಕತೆಯನ್ನು ಈ ಸೀಮೆಯೇ ಹೇಳಿಕೊಂಡಿತು.

ಗಿಟಾರು ಬಂದ ಮೇಲೆ

ವಿ. ರವಿಚಂದ್ರನ್ ಮತ್ತು ಹಂಸಲೇಖ ಜೋಡಿಯ ‘ಪ್ರೇಮಲೋಕ’ (1987) ಕಾಲೇಜು ಹುಡುಗರ ಕೈಗೆ ಗಿಟಾರು ಕೊಟ್ಟು ಕತೆಯ ಬಹುಭಾಗವನ್ನು ಹಾಡಿನಲ್ಲೇ ಹೇಳಿತು. ಸುದೀಪ್ ನಿರ್ದೇಶಿಸಿ ನಟಿಸಿದ ‘ಜಸ್ಟ್ ಮಾತ್ ಮಾತಲ್ಲಿ’ (2010) ಚಿತ್ರದ ನಾಯಕ ನೇರವಾಗಿ ರಾಕ್ ಬ್ಯಾಂಡಿನ ಗಾಯಕ, ನಾಯಕಿ ರಮ್ಯಾ. ಅದಕ್ಕೆ ಸಂಗೀತ ಕೊಟ್ಟವರು ಮೈಸೂರಿನಲ್ಲಿ ಬೆಳೆದು, ಜನಪದ ಮತ್ತು ತತ್ವಪದಗಳನ್ನು ರಾಕ್ ವೇದಿಕೆಗೆ ಏರಿಸಿದ ರಘು ದೀಕ್ಷಿತ್. ಕನ್ನಡದಲ್ಲಿ ಈ ಪ್ರಕಾರದ ಹೆಸರಿಗೆ ತಕ್ಕ ಚಿತ್ರ ಇದೊಂದು.

ಜನರನ್ನು ಹೆಚ್ಚು ಕುಣಿಸಿದ್ದು ಮಾತ್ರ ಮಾದೇವನ ಹಾಡುಗಳೇ. ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿಯನ್ನು ಆಧರಿಸಿ ಟಿ. ಎಸ್. ನಾಗಾಭರಣ ನಿರ್ದೇಶಿಸಿದ ‘ಜನುಮದ ಜೋಡಿ’ (1996) ಚಿತ್ರದಲ್ಲಿ ಕೋಲುಮಂಡೆ ಜಂಗಮನ ಜನಪದ ಹಾಡನ್ನು ಎಲ್. ಎನ್. ಶಾಸ್ತ್ರಿ ಹಾಡಿದರು, ರಾಜ್ಯಪ್ರಶಸ್ತಿ ಪಡೆದರು. ‘ಜೋಗಿ’ (2005) ಚಿತ್ರದ ನಾಯಕನ ಹೆಸರೇ ಮಾದೇಶ. ಎರಡರಲ್ಲೂ ನಾಯಕ ಶಿವರಾಜ್‌ಕುಮಾರ್, ಗಾಜನೂರಿನ ಮನೆತನದ ಮುಂದಿನ ತಲೆಮಾರು.

ಹೊರಗಿನ ಜಗತ್ತಿನಲ್ಲಿ ಈ ಮಾದರಿ ಬೇರೆ ತಿರುವು ತೆಗೆದುಕೊಂಡಿದೆ. ಟೇಲರ್ ಜೆಂಕಿನ್ಸ್ ರೀಡ್ ಅವರ ‘ಡೇಸಿ ಜೋನ್ಸ್ ಅಂಡ್ ದ ಸಿಕ್ಸ್’ (2019) ಕಾದಂಬರಿಯಲ್ಲಿ ಸಿರಿವಂತರ ಮನೆಯ ಅಂಕೆಯಿಲ್ಲದ ಮಗಳೇ ಹಾಡುಗಾರ್ತಿ. ಅವಳು ಯಾರ ಹಾಡಿಗೂ ಸ್ಫೂರ್ತಿಯಾಗಿ ಮೂಲೆಯಲ್ಲಿ ಕೂರಲು ಒಪ್ಪುವುದಿಲ್ಲ, ತಾನೇ ಬರೆಯುತ್ತಾಳೆ, ತಾನೇ ಹಾಡುತ್ತಾಳೆ. 2023ರಲ್ಲಿ ಇದು ಧಾರಾವಾಹಿಯಾಗಿಯೂ ಬಂತು.

ನಮ್ಮಲ್ಲಿ ಕಂಸಾಳೆ, ತಂಬೂರಿ, ಕಿನ್ನರಿಗಳು ಗಂಡಸರ ಕೈಯಲ್ಲೇ ಉಳಿದವು. ಹೆಂಗಸರ ಪಾಲಿಗೆ ಬಂದದ್ದು ಸೋಬಾನೆ. ಅದಕ್ಕೆ ವಾದ್ಯ ಬೇಡ, ವೇದಿಕೆ ಬೇಡ, ಹಸೆಯ ಮುಂದೆ ಕೂತ ನಾಲ್ಕು ಹೆಂಗಸರು ಸಾಕು. ಅಲ್ಲಿ ಮದುವಣಗಿತ್ತಿ ಯಾವತ್ತೂ ಅಪ್ಪನ ಮನೆಯ ಮುದ್ದಿನ ಮಗಳು, ಬೀಗರು ಯಾವತ್ತೂ ಹಾಸ್ಯಕ್ಕೆ ಗುರಿ. ವರನ ಕಡೆಯವರ ಒಡವೆ, ಊಟ, ಮೀಸೆ ಯಾವುದನ್ನೂ ಬಿಡದೆ ಹೆಣ್ಣಿನ ಕಡೆಯವರು ಹಾಡಿನಲ್ಲಿ ಎಳೆಯುತ್ತಾರೆ. ಮದುವೆ ಮುಗಿದು ಜೋಡಿ ಮನೆಗೆ ಬಂದಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಹೆಂಡತಿಯ ಹೆಸರನ್ನು ಒಗಟಿನಲ್ಲಿ ಸೇರಿಸಿ ಹೇಳುವ ತನಕ ಗಂಡಿಗೆ ಒಳಗೆ ಪ್ರವೇಶವಿಲ್ಲ. ಅವನು ಹೊಸ್ತಿಲಾಚೆ ತಡವರಿಸುತ್ತ ನಿಂತಿರುತ್ತಾನೆ, ಒಳಗಿನಿಂದ ಹಾಡು ಕೇಳುತ್ತಿರುತ್ತದೆ.